ಕಚ್ಚು ಹಾಕಿದ ಕಾರ್ಡುಗಳು

ಸಾಂತಾಕ್ರೂಜ್ (ಪೂರ್ವ)
೧೨ ಆಗಸ್ಟ್ ೧೯೯೧

ಪ್ರಿಯ ವೈರಿ ಅಣವೀರಪ್ಪನವರಿಗೆ,

ಐವತ್ಮೂರು ವರ್ಷ ವಯಸ್ಸಿನ, ವಿಮಾ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿರುವ, ಲೋಕಲ್ ರೈಲಿನಲ್ಲಿ ಈವರೆಗೆ ಟಿಕೆಟ್ಟಿಲ್ಲದೆ ಒಂದು ಸ್ಟೇಷನ್ನನ್ನೂ ದಾಟದ ವೆಂಕಟಸುಬ್ಬಯ್ಯನೆಂಬ ನಾನು, ಯಾರ ಒತ್ತಾಯವೂ ಇಲ್ಲದೆ, ಕಾಫಿ ಕುಡಿದ ಮೇಲಿನ ಸ್ವಸ್ಥಚಿತ್ತದಿಂದ ತಪ್ಪೊಪ್ಪಿಕೊಳ್ಳುವುದೇನೆಂದರೆ: ನಿನ್ನೆ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಭಾಂಡುಪ್ಪಿನ ನಿಮ್ಮ ಚಾಳಿನ ವಾಚನಾಲಯದಿಂದ ಕಾರ್ಡು ಕ್ಯಾಟಲಾಗಿನ ಒಂದು ಡಬ್ಬಿಯನ್ನು ಕದ್ದಿದ್ದೇನೆ.

ತೇಗದ ಡಬ್ಬಿ. ಒಳಗೆ ಮುನ್ನೂರ ಹನ್ನೆರಡು ಕಾರ್ಡು. ತರಕಾರಿ ಚೀಲದಲ್ಲಿಟ್ಟು ಮೇಲೆ ಮೆಂತ್ಯದ ಸೊಪ್ಪು ಹೊದಿಸಿ ದಾದರ್‌ನಲ್ಲಿ ಗಾಡಿ ಬದಲಿಸಿ ತಂದೆ. ನೀವು ಇರಲಿಲ್ಲ. ನಿಮ್ಮಕ್ಕ ದೇವಕ್ಕ ಮೇಜಿನ ಹಿಂದೆ ಕೂತಿದ್ದರು. ‘ಯಾರ್ರೀ?’ ಎಂದರು. ಕಣ್ಣು ಕಾಣದವರ ಎದುರು ಕಳ್ಳತನ ಸುಲಭವೆಂದುಕೊಂಡು ಸ್ವರ ಬದಲಿಸಿ ‘ಲೈಟ್ ಮೀಟರ್’ ಎಂದೆ. ಅಪರಾಧದಲ್ಲಿ ಇದೊಂದು ಭಾಗಕ್ಕೆ ಮಾತ್ರ ನನಗೆ ಸ್ವಲ್ಪ ನಾಚಿಕೆ ಇದೆ.

ಉದ್ದೇಶ ಪವಿತ್ರವಾದದ್ದು. ನಮ್ಮ ಒಕ್ಕೂಟದ ಎಲ್ಲ ಕನ್ನಡ ವಾಚನಾಲಯಗಳ ಪುಸ್ತಕಗಳಿಗೆ ಕಂಪ್ಯೂಟರಿನಲ್ಲಿ ಒಂದೇ ಸೂಚಿ ಮಾಡುವ ಭಾರ ನನ್ನ ಮೇಲಿದೆ. ಪ್ರೋಗ್ರಾಮ್ ಯುನೆಸ್ಕೋದವರದು. ಲೈಬ್ರರಿಗಳಿಗೆಂದೇ ಮಾಡಿದ್ದು, ಲೈಬ್ರರಿಗಳಿಗೆ ಪುಕ್ಕಟೆ. ದೆಹಲಿಯಿಂದ ಟಪಾಲಿನಲ್ಲಿ ಫ್ಲಾಪಿ ಬಂದಿದೆ. ಹೆಸರು ಫ್ಲಾಪಿಯಾದರೂ ಕೆಲಸದಲ್ಲಿ ಫ್ಲಾಪ್ ಅಲ್ಲ. ನಿಮ್ಮ ಕಾರ್ಡುಗಳನ್ನು ಮೂರು ಸಲ ಕೇಳಿದೆ, ಮೂರು ಸಲವೂ ನೀವು ಬಾಗಿಲು ತೋರಿಸಿದಿರಿ. ನಾಲ್ಕನೇ ಸಲ ಕೇಳಲಿಲ್ಲ, ಅಷ್ಟೇ.

ನವೆಂಬರ್ ಒಂದಕ್ಕೆ ಉದ್ಘಾಟನೆ. ಆಮೇಲೆ ಕಾರ್ಡುಗಳಿಗೆಲ್ಲ ನಿವೃತ್ತಿ. ಮುಂದೆ ಯಾವ ಪುಸ್ತಕ ಎಲ್ಲಿದೆಯೆಂದು ಕೇಳಿದರೂ ಯಂತ್ರ ಮೂರು ಸೆಕೆಂಡಿನಲ್ಲಿ ಹೇಳುತ್ತದೆ. ನೀವು ಒಂದು ಸಲ ಮೂಗು ಮುರಿಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಶಿಕ್ಷೆಗೆ ಸಿದ್ಧನಾದ,
ವೆಂಕಟಸುಬ್ಬಯ್ಯ

*

ಭಾಂಡುಪ್
೧೯ ಆಗಸ್ಟ್ ೧೯೯೧

ಶ್ರೀಮಾನ್ ವೆಂಕಟಸುಬ್ಬಯ್ಯ ಸಾಹೇಬರಿಗೆ,

ತಮ್ಮ ಪತ್ರ ತಲುಪಿತು. ಅದನ್ನು ಓದಿ ಗ್ರಾಂಥಿಕ ಭಾಷೆಯಲ್ಲಿ ಎರಡು ಪುಟ ಬೈದು ಬರೆದೆ. ತಿರುಗಿ ಓದಿದರೆ ಬೈದಂತೆಯೇ ಇರಲಿಲ್ಲ, ವಾರ್ಷಿಕ ವರದಿಯಂತಿತ್ತು. ಹರಿದು ಹಾಕಿದೆ. ಇನ್ನು ನಮ್ಮ ಮಾತಿನಾಗ ಬರೀತೀನಿ.

ಕಳ್ಳರನ್ನ ನಾನು ಭಾಳ ನೋಡೀನಿ. ಕದ್ದು, ಮ್ಯಾಲೆ ಟಪಾಲು ಹಾಕಿ ಹಲ್ಲು ಕಿಸಿಯೋ ಕಳ್ಳನ್ನ ಈಗ ನೋಡಿದೆ. ನಮ್ಮಕ್ಕಗ ಅವತ್ತೇ ಗೊತ್ತಾಗಿತ್ತು. ಮೀಟರ್ ನೋಡಾಂವ ಮೈಸೂರು ನಶ್ಯ ಏರಸ್ತಾನೇನ್ರಿ? ನಮ್ಮ ಚಾಳಿನ ಮೀಟರ್ ಇರೂದು ಕೆಳಗ, ಮೆಟ್ಲ ಹತ್ರ. ನಾನು ಮನಿಗೆ ಬಂದ ಕೂಡ್ಲೆ ಅಂದ್ಲು, ‘ಸಾಂತಾಕ್ರೂಜ್ ಸಾಹೇಬ್ರು ಬಂದಿದ್ರು. ಹೊಸ್ತಲಾ ಎಡವಿದ್ರು. ಡಬ್ಬಿ ತಗೊಂಡು ಹೋದ್ರು.’ ‘ಮತ್ತ ಚೀರಬಾರದಾಗಿತ್ತೇನ?’ ಅಂದೆ. ‘ಬೇಕಾಗಿರ್ತದ, ಬಿಡು’ ಅಂದ್ಲು. ಆಕಿ ಬಿಡ್ತಾಳ. ನಾ ಬಿಡಾಂವ ಅಲ್ಲ.

ನಿಮಗ ಅದು ರದ್ದಿ. ಆಕಿಗೆ ಅದು ಕೆಲಸ. ಓದೋರು ತಮಗ ಬೇಕಾದ ಕಾರ್ಡು ಆರಿಸಿ ಆಕಿ ಕೈಯಾಗ ಇಡ್ತಾರ. ಆಕಿ ಉಗುರಿಲೆ ಅಂಚು ಸವರಿ ನೋಡ್ತಾಳ. ಎಡಕ್ಕ ಎಷ್ಟು ಕಚ್ಚು ಅದಾವೋ ಅಷ್ಟನೇ ಕಪಾಟು, ಬಲಕ್ಕ ಎಷ್ಟೋ ಅಷ್ಟನೇ ಸಾಲು. ಕೆಳಗಿನ ಅಂಚಿಂದು ಪುಸ್ತಕದ ನಂಬರ. ಅಗಲ ಕಚ್ಚು ಅಂದ್ರ ಐದು, ಸಣ್ಣದು ಅಂದ್ರ ಒಂದು. ಪುಸ್ತಕದ ಬೆನ್ನಿಗೆ ಕಟ್ಟಿದ ದಾರದಾಗ ಅದೇ ಲೆಕ್ಕದ ಗಂಟು. ಜ್ವರದಾಗ ಕಣ್ಣು ಹೋದ ಮ್ಯಾಲೆ ಎರಡು ವರ್ಷ ಗ್ವಾಡಿ ಕಡೆ ಮಾರಿ ಮಾಡಿ ಕೂತಾಕಿ, ಈ ಕಚ್ಚಿನಿಂದ ಎದ್ದು ಬಂದಳು. ಎಂಟು ವರ್ಷ ಆತು, ನಮ್ಮ ವಾಚನಾಲಯದ ಲೈಬ್ರರಿಯನ್ ಆಕಿ. ಹ್ಯಾಕ್ಸಾ ಬ್ಲೇಡ್ ತಗೊಂಡು ಒಂದೊಂದು ಕಾರ್ಡಿಗೂ ಕಚ್ಚು ಕೊರದಾಂವ ನಾನು. ಕಾರ್ಡಿಗೆ ನಿವೃತ್ತಿ ಅಂದ್ರ ಆಕಿಗೆ ನಿವೃತ್ತಿ. ಮತ್ತ ಗ್ವಾಡಿ.

ಇದು ನಿಮಗ ಗೊತ್ತಿಲ್ಲಂತಲ್ಲ. ಎಂಬತ್ತೆಂಟರ ರಾಜ್ಯೋತ್ಸವದಾಗ ಮೈಕ್ ಹಿಡದು ಏನಂದ್ರಿ? ‘ಭಾಂಡುಪ್ಪಿನ ಇಲಿಗಳಿಗೂ ಕನ್ನಡ ಎಷ್ಟು ರುಚಿ ನೋಡಿ, ಕಾರ್ಡಿನ ಅಂಚನ್ನೆಲ್ಲ ಕಡಿದಿವೆ.’ ಮುನ್ನೂರು ಮಂದಿ ನಕ್ಕರು. ಅಕ್ಕ ಎರಡನೇ ಸಾಲಿನಾಗ ಕೂತಿದ್ಲು. ಸಂಜೀ ಕ್ಲಾಸಿನಾಗ ಒಂದೇ ಬೆಂಚಿನ ಮ್ಯಾಲೆ ಕೂತು ಲೈಬ್ರರಿ ಸರ್ಟಿಫಿಕೇಟ್ ತಗೊಂಡ ನಾವು ನೀ-ನಾ ಅನ್ನೂದು ಬಿಟ್ಟದ್ದು ಅವತ್ತು.

ಎಂಟು ದಿನದಾಗ ಡಬ್ಬಿ ಬರಬೇಕು.

ಅಣವೀರಪ್ಪ

ಮತ್ತ ಒಂದು. ನಿಮ್ಮ ಅಕ್ಷರ ಯಾಕ ಇಷ್ಟು ದಪ್ಪ ಆಗ್ಯಾವ? ಒಂದು ಹಾಳಿಗೆ ಹತ್ತೇ ಸಾಲು. ಸೊಕ್ಕು ಪೆನ್ನಿಗೂ ಇಳೀತೇನು?

*

ಸಾಂತಾಕ್ರೂಜ್ (ಪೂರ್ವ)
೯ ಸೆಪ್ಟೆಂಬರ್ ೧೯೯೧

ಮಾನ್ಯ ಅಣವೀರಪ್ಪನವರಿಗೆ,

ಎಂಟು ದಿನದ ಗಡುವು ಕೊಟ್ಟಿದ್ದಿರಿ. ಇಪ್ಪತ್ತೊಂದು ದಿನ ತಡೆದು ಉತ್ತರಿಸುತ್ತಿದ್ದೇನೆ. ಲೈಬ್ರರಿಯವರಿಗೆ ಗಡುವು ಮೀರಿದ ಸುಖ ಎಂಥದೆಂದು ಒಮ್ಮೆಯಾದರೂ ತಿಳಿಯಬೇಕಲ್ಲ.

ದೊಡ್ಡವರು ದೊಡ್ಡದಾಗಿ ಬರೆಯುತ್ತಾರೆ. ಅಕ್ಷರದ ವಿಷಯ ಅಲ್ಲಿಗೆ ಮುಗಿಯಿತು.

ನಿಮ್ಮ ಮುನ್ನೂರ ಹನ್ನೆರಡು ಕಾರ್ಡುಗಳೂ ಈಗ ಯಂತ್ರದ ಹೊಟ್ಟೆಯಲ್ಲಿವೆ. ಎಲ್ಲವನ್ನೂ ನಾನೇ ಕೈಯಾರೆ ತುಂಬಿಸಿದೆ. ಒಂದು ತೊಡಕಿತ್ತು: ಯಂತ್ರಕ್ಕೆ ಕನ್ನಡ ಲಿಪಿ ಬಾರದು. ಆದ್ದರಿಂದ ಪುಸ್ತಕದ ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಕನ್ನಡಮ್ಮನಿಗೆ ಸ್ಕರ್ಟು ತೊಡಿಸಿದಂತಾಯಿತು, ನಿಜ. ಆದರೆ ಓಡಾಟಕ್ಕೆ ಹಗುರ. ಹೆಸರು ಕೊಡಿ, ಕರ್ತೃ ಕೊಡಿ, ವಿಷಯ ಕೊಡಿ, ಹೇಗೆ ಕೇಳಿದರೂ ಹುಡುಕಿ ಕೊಡುತ್ತದೆ. ಕಾರ್ಡು ಹಾಗಲ್ಲ; ಒಂದೇ ಬಾಗಿಲಿನ ಮನೆ ಅದು.

ಡಬ್ಬಿಯನ್ನು ಇನ್ನೂ ಕೆಲವು ದಿನ ಇಟ್ಟುಕೊಳ್ಳುತ್ತೇನೆ. ತಾಳೆ ನೋಡುವುದಿದೆ. ಅವಸರ ಮಾಡಬೇಡಿ.

ನಿಮ್ಮ ಪತ್ರದ ಉಳಿದ ಭಾಗವನ್ನೂ ಓದಿದೆ.

ವೆಂಕಟಸುಬ್ಬಯ್ಯ

*

ಭಾಂಡುಪ್
೨೨ ಸೆಪ್ಟೆಂಬರ್ ೧೯೯೧

ಸಾಹೇಬರಿಗೆ,

‘ಉಳಿದ ಭಾಗವನ್ನೂ ಓದಿದೆ’ ಅಂತ ಬರದೀರಿ. ಭಾಳ ಉಪಕಾರ ಆತು. ಓದಿ ಏನೂ ಅನ್ನದ ಮನಶಾ ಲೈಬ್ರರಿಯನ್ ಆಗಬಾರದು, ಗೆದ್ದಲ ಆಗಬೇಕು.

ಒಕ್ಕೂಟದ ಅಧ್ಯಕ್ಷರು ನಂಜುಂಡಯ್ಯನವರು ಚೀಟಿ ಕಳಿಸ್ಯಾರ. ನವೆಂಬರ್ ಒಂದರೊಳಗ ನಮ್ಮ ಉಳಿದ ಹನ್ನೊಂದು ಡಬ್ಬಿ ಒಪ್ಪಿಸಬೇಕಂತ. ಇನ್ನು ಮ್ಯಾಲೆ ಸೂಚಿ ಸಾಂತಾಕ್ರೂಜ್‌ದಾಗ, ಭಾಂಡುಪ್ಪಿಗೆ ಅಚ್ಚಾದ ಪಟ್ಟಿ ಬರತದಂತ, ಅದನ್ನ ಓದಿ ಪುಸ್ತಕ ಕೊಡಲಿಕ್ಕೆ ‘ದೃಷ್ಟಿ ಇರುವ ಒಬ್ಬರನ್ನು’ ಕೂಡಸಬೇಕಂತ. ಚೀಟಿಯನ್ನ ಅಕ್ಕಗ ನಾನೇ ಓದಿ ಹೇಳಬೇಕಾತು. ‘ಒಳ್ಳೆ ಕನ್ನಡ’ ಅಂದ್ಲು, ಅಷ್ಟೇ. ಮತ್ತ ದಾರಕ್ಕ ಗಂಟು ಹಾಕ್ಕೋತ ಕೂತ್ಲು.

ನಾನು ಫಿಟ್ಟರ್. ನಮ್ಮ ಕಾರಖಾನಿಗೆ ಹೊಸ ಮಷಿನ್ ಬಂದ್ರ ಸಾಹೇಬ್ರು ಕುಂಕುಮ ಹಚ್ಚಿ ಕಾಯಿ ಒಡೀತಾರ. ನಾವು ಅದಕ್ಕೂ ಮೊದಲ ಬ್ಯಾರೇ ನೋಡ್ತೀವಿ. ಕುಳ್ಳನ ಕೈ ಲೀವರಿಗೆ ಮುಟ್ಟತದೋ ಇಲ್ಲೋ. ಎಡಚ ನಡಸಬಹುದೋ ಇಲ್ಲೋ. ಕಿವುಡಗ ಗಂಟಿ ಕೇಳೂದಿಲ್ಲ, ದೀಪ ಅದನೋ ಇಲ್ಲೋ. ಒಬ್ಬನೇ ನಡಸೋ ಮಷಿನ್ ಇದ್ರ ಅಂವ ರಜಾ ಹಾಕಿದ ದಿನ ಅದು ಬರೇ ಕಬ್ಬಿಣ.

ನಿಮ್ಮ ಪುಕ್ಕಟೆ ಮಷಿನ್ನಿಗೂ ಹಂಗ ತಪಾಸಣಿ ಆಗಲಿ. ನಮ್ಮ ಓದುಗರನ್ನ ಕರಕೊಂಡು ಬರ್ತೀನಿ. ಖಂಡಪ್ಪ ಬರ್ತಾನ, ಬಿಲ್ಡಿಂಗ್ ಕೆಲಸದಾಂವ, ಕನ್ನಡ ಬಿಟ್ಟು ಬ್ಯಾರೇ ಅಕ್ಷರ ಓದಾಂವಲ್ಲ, ವಾರಕ್ಕ ಎರಡು ಪುಸ್ತಕ ಮುಗಸ್ತಾನ. ಅಕ್ಕ ಬರ್ತಾಳ. ಇವರು ತಾವಾಗೇ ಒಂದು ಪುಸ್ತಕ ಹುಡುಕಿ ತಗದ್ರ ಮಷಿನ್ ಪಾಸು. ಹನ್ನೊಂದೂ ಡಬ್ಬಿ ನಾನೇ ಹೊತ್ತು ತಂದು ರದ್ದಿವಾಲಾನ ತಕ್ಕಡಿಗೆ ಹಾಕ್ತೀನಿ. ಇಲ್ಲಂದ್ರ ಕಾರ್ಡಿನ ತಂಟೆಕ್ಕ ಬರಬ್ಯಾಡ್ರಿ. ಕಮಿಟಿಯವರ ಎದುರಿಗೇ ಆಗಲಿ. ಧೈರ್ಯ ಅದನೇನು?

ಅಣವೀರಪ್ಪ

*

ಸಾಂತಾಕ್ರೂಜ್ (ಪೂರ್ವ)
೩೦ ಸೆಪ್ಟೆಂಬರ್ ೧೯೯೧

ಪರಮ ಪರೀಕ್ಷಕರಿಗೆ,

ಧೈರ್ಯವಿದೆಯೇ ಎಂದು ಕೇಳಿದಿರಿ. ನಾನು ದಿನವೂ ಒಂಬತ್ತು ಗಂಟೆಗೆ ಸಾಂತಾಕ್ರೂಜಿನಲ್ಲಿ ಕಿಕ್ಕಿರಿದ ಚರ್ಚ್‌ಗೇಟ್ ಗಾಡಿ ಹತ್ತುವವನು. ಧೈರ್ಯದ ವಿಷಯ ನನ್ನ ಹತ್ತಿರ ಎತ್ತಬೇಡಿ.

ಅಕ್ಟೋಬರ್ ೧೩, ಭಾನುವಾರ, ಬೆಳಿಗ್ಗೆ ಹತ್ತಕ್ಕೆ ನಮ್ಮ ಕನ್ನಡ ಬಳಗದ ವಾಚನಾಲಯದ ಕೋಣೆಗೆ ಬನ್ನಿ. ನಂಜುಂಡಯ್ಯನವರನ್ನೂ ಕಮಿಟಿಯವರನ್ನೂ ಕರೆದಿದ್ದೇನೆ. ನಿಮ್ಮ ಡಬ್ಬಿಯೂ ಮೇಜಿನ ಮೇಲಿರುತ್ತದೆ. ನಿಮಗಿಷ್ಟ ಬಂದ ಕಾರ್ಡು ಎತ್ತಿ ಹೆಸರು ಓದಿ, ತಾಳೆ ನೋಡಲು ಕಾರ್ಡನ್ನು ನನ್ನ ಕೈಗೆ ಕೊಡಿ. ಆ ಪುಸ್ತಕ ನಿಮ್ಮ ಭಾಂಡುಪ್ಪಿನಲ್ಲಿ ಯಾವ ಕಪಾಟು, ಯಾವ ಸಾಲು, ಎಷ್ಟನೆಯದು ಎಂದು ಸಾಂತಾಕ್ರೂಜಿನಲ್ಲಿ ಕೂತು ಮೂರು ಸೆಕೆಂಡಿನಲ್ಲಿ ಹೇಳುತ್ತೇನೆ. ನಾಲ್ಕಾದರೆ ನಶ್ಯ ಬಿಡುತ್ತೇನೆ.

ನಮ್ಮ ಆಫೀಸಿನ ಶೇಖರ ಈ ಯಂತ್ರದ ಕೆಲಸದಲ್ಲಿ ಅಲ್ಪಸ್ವಲ್ಪ ಕೈ ಹಾಕಿದ್ದಾನೆ. ಅವನು ಅವತ್ತು ಜೋಗೇಶ್ವರಿಯಲ್ಲಿ ತಂಗಿಯ ನಿಶ್ಚಿತಾರ್ಥದಲ್ಲಿರುತ್ತಾನೆ. ಒಳ್ಳೆಯದೇ ಆಯಿತು. ನಾಳೆ ಯಾರೂ ನನ್ನ ಗೆಲುವಿನಲ್ಲಿ ಪಾಲು ಕೇಳಬಾರದು.

ಹೊಸ್ತಿಲು ಎತ್ತರವಿದೆ. ನಿಮ್ಮಕ್ಕನಿಗೆ ಹೇಳಿ.

ವೆಂಕಟಸುಬ್ಬಯ್ಯ

*

ಭಾಂಡುಪ್
೧೬ ಅಕ್ಟೋಬರ್ ೧೯೯೧

ವೆಂಕಟಸುಬ್ಬಯ್ಯನವರೇ,

ಗೆದ್ರಿ. ಸಂತೋಷ ಪಡ್ರಿ.

ಆದರ ಹೆಂಗ ಗೆದ್ರಿ ಅನ್ನೂದನ್ನ ಬರದು ಇಡಬೇಕು. ಖಂಡಪ್ಪನ್ನ ಮಷಿನ್ ಮುಂದ ಕರದ್ರ, ಕೂತಿದ್ದ ಕುರ್ಚಿ ಬಿಟ್ಟು ನೀವು ಏಳಲಿಲ್ಲ. ಅಂವ ಪಾಪ ಬಗ್ಗಿ ಇಣುಕಿ ‘ಇದರಾಗ ಒಂದು ಅಕ್ಷರಾನೂ ನಮ್ಮದಲ್ಲರಿ’ ಅಂದ. ಅಕ್ಕನ ಕೈ ಹಿಡದು ಗಾಜಿನ ಮ್ಯಾಲೆ ಇಟ್ಟೆ. ‘ಬೆಚ್ಚಗದ’ ಅಂದ್ಲು. ಅಷ್ಟೇ, ಆಕಿಗೆ ಆ ಮಷಿನ್ನಿಂದ ಸಿಕ್ಕ ಮಾಹಿತಿ.

ನೀವಂದ್ರಿ, ‘ಎಲ್ಲರೂ ಯಾಕೆ ನೋಡಬೇಕು? ನಾನು ನೋಡಿ ಹೇಳುತ್ತೇನಲ್ಲ.’ ಕಮಿಟಿಯವರು ಮಷಿನ್ನಿನ ಬೆನ್ನು ನೋಡ್ಕೋತ ಗ್ವಾಡಿಗೆ ಸಾಲಾಗಿ ನಿಂತಿದ್ರು. ನಾನು ಮೊದಲನೇ ಕಾರ್ಡು ಎತ್ತಿ ‘ಕೋಳಿ ಸಾಕಣೆ’ ಅಂತ ಹೆಸರು ಓದಿದೆ, ನಿಮ್ಮ ಕೈಗೆ ಕೊಟ್ಟೆ. ನೀವು ಟಪಟಪ ಟೈಪು ಹೊಡದು ಗಾಜು ನೋಡಿ, ‘ಎರಡನೇ ಕಪಾಟು, ನಾಲ್ಕನೇ ಸಾಲು, ಹದಿನೇಳನೇದು’ ಅಂದ್ರಿ. ಕಾರ್ಡು ಅಕ್ಕನ ಕೈಗೆ ಹೋತು. ಅಕ್ಕ ಸವರಿ ನೋಡಿ ‘ಖರೇ ಅದ’ ಅಂದ್ಲು. ಐದು ಕಾರ್ಡು. ಐದೂ ಖರೇ. ನಮ್ಮ ಸೋಲಿಗೆ ನಮ್ಮಕ್ಕನೇ ಸಾಕ್ಷಿ.

ನಂಜುಂಡಯ್ಯನವರು ಚಪ್ಪಾಳಿ ಹೊಡದು, ‘ಕಾಣದವರಿಗೆ ಕಾಣುವವರು ಓದಿ ಹೇಳಿದರಾಯಿತು, ಅದಕ್ಕೇನು ಅಡ್ಡಿ?’ ಅಂದ್ರು. ಅಡ್ಡಿ ಏನಂತ ಅವರಿಗೆ ಹೆಂಗ ತಿಳೀಬೇಕು? ಎಂಟು ವರ್ಷ ನಮ್ಮ ಕಾಣುವವರಿಗೆಲ್ಲ ಪುಸ್ತಕ ಹುಡುಕಿ ಕೊಟ್ಟಾಕಿ ಕಾಣದಾಕಿ. ಅದನ್ನ ನಾನು ಹೇಳೂದರಾಗ ಬಟಾಟೆವಡೆ ಬಂತು, ಎಲ್ಲರೂ ಆ ಕಡೆ ತಿರುಗಿದ್ರು.

೨೭ನೇ ತಾರೀಖು ಭಾನುವಾರ ಟೆಂಪೊ ಬರತದಂತ. ಮಾತು ಕೊಟ್ಟೀನಿ, ಡಬ್ಬಿ ಕೊಡ್ತೀನಿ. ಆದರ ಇಷ್ಟು ತಿಳಕೊಳ್ರಿ, ಇಲಿ ಅಂದದ್ದನ್ನ ಒಂದು ದಿನ ಮರೀತಿದ್ನೋ ಏನೋ. ಇದನ್ನ ಮರಿಯಾಂವಲ್ಲ.

ಒಂದು ಮಾತ್ರ ನನಗ ತಿಳೀವಲ್ದು. ಅಕ್ಕ ಸಾಂತಾಕ್ರೂಜ್‌ದಿಂದ ದಾದರ್ ತನಕಾ ನಕ್ಕೋತ ಬಂದ್ಲು. ಕುರ್ಚಿ ಹೋಗಾಕತ್ತದ, ಈಕಿ ನಗತಾಳ. ಯಾಕ ಅಂದ್ರ, ‘ಸಾಹೇಬ್ರ ಉಗುರು ಭಾಳ ಚಲೋ ಓದತದ. ಅವರ್ನೇ ಕೇಳು’ ಅಂತಾಳ. ಮತ್ತ ಬಾಯಿ ಬಿಡವಲ್ಲಳು. ನಿಮ್ಮನ್ನ ಏನೂ ಕೇಳೋ ಮನಸ್ಸು ನನಗಿಲ್ಲ. ಆಕಿ ಹೇಳಂದ್ಲು, ಬರದೆ.

ಅಣವೀರಪ್ಪ

*

ಸಾಂತಾಕ್ರೂಜ್ (ಪೂರ್ವ)
೨೪ ಅಕ್ಟೋಬರ್ ೧೯೯೧

ಅಣವೀರಪ್ಪ,

ಟೆಂಪೊ ಬರುವುದಿಲ್ಲ. ಮೊನ್ನೆ ನಂಜುಂಡಯ್ಯನವರ ಮನೆಗೆ ಹೋಗಿ ಒಂದು ಗಂಟೆ ತಲೆ ತಗ್ಗಿಸಿ ಕೂತು ಎಲ್ಲ ಒಪ್ಪಿಕೊಂಡು ಬಂದೆ. ಭಾಂಡುಪ್ಪಿನ ಕಾರ್ಡುಗಳು ಭಾಂಡುಪ್ಪಿನಲ್ಲೇ ಇರುತ್ತವೆ, ದೇವಕ್ಕನ ಕುರ್ಚಿಯೂ ಅಲ್ಲೇ. ಈ ಪತ್ರದ ಜೊತೆ ಅವರ ಚೀಟಿ ಇಟ್ಟಿದ್ದೇನೆ. ಅಕ್ಕನಿಗೆ ಓದಿ ಹೇಳು. ಈ ಸಲದ ಕನ್ನಡ ಅಷ್ಟು ಚೆನ್ನಾಗಿಲ್ಲ. ಅವರು ನಗುತ್ತ ಬರೆದದ್ದು.

ಏಕೆ ನಕ್ಕರೆಂದು ನಿನಗೂ ಹೇಳಬೇಕು. ಅಕ್ಕ ನನ್ನ ಮಾನ ಕಾಪಾಡಿದರು. ಅದು ನನಗೆ ತಡೆಯಲಾಗುತ್ತಿಲ್ಲ.

ಜೂನ್ ತಿಂಗಳಲ್ಲಿ ಕಣ್ಣಿನ ಡಾಕ್ಟರು ನನ್ನ ಎರಡೂ ಕಣ್ಣಿನಲ್ಲಿ ಒತ್ತಡ ಏರಿದೆ ಎಂದರು. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ದಿನಕ್ಕೆ ಮೂರು ಸಲ ಹನಿ ಹಾಕಿಕೊಳ್ಳಿ ಎಂದರು. ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ. ಮನೆಯಲ್ಲಿ ಹೆಂಡತಿ ಶಾಮಲಾಗೆ ಗೊತ್ತು. ಅವಳು ನನ್ನ ಜೊತೆ ಸ್ಟೇಷನ್ನಿಗೆ ‘ತರಕಾರಿ ತರಲು’ ಬರುತ್ತಾಳೆ. ಪೆನ್ನಿಗೆ ಇಳಿದದ್ದು ಸೊಕ್ಕಲ್ಲ. ದಪ್ಪಗೆ ಬರೆದರೆ ಮಾತ್ರ ನಾನು ಬರೆದದ್ದು ನನಗೆ ಕಾಣುತ್ತದೆ.

ಆಗಸ್ಟಿನಲ್ಲಿ ನಿನ್ನ ಡಬ್ಬಿ ಕದ್ದದ್ದು ಸೂಚಿಗಾಗಿ ಎಂದು ಬರೆದೆ. ಸೂಚಿಗೇ ಆಗಿದ್ದರೆ ಒಂದು ವಾರದಲ್ಲಿ ವಾಪಸ್ಸು ಬರುತ್ತಿತ್ತು. ಅವತ್ತು ಕಾರ್ಡುಗಳನ್ನು ನೋಡೋಣವೆಂದು ಡಬ್ಬಿಗೆ ಕೈ ಹಾಕಿದೆ, ಕಾಣಲಿಲ್ಲ. ಬೆರಳಿಗೆ ಕಚ್ಚು ಸಿಕ್ಕಿತು. ಎರಡು, ನಾಲ್ಕು, ಮೂರು ಅಗಲ, ಎರಡು ಸಣ್ಣ. ಅದೇನೆಂದು ಗೊತ್ತಾಗುವಷ್ಟರಲ್ಲಿ ಡಬ್ಬಿ ಮೆಂತ್ಯದ ಸೊಪ್ಪಿನ ಕೆಳಗಿತ್ತು. ಎರಡು ತಿಂಗಳಿಂದ ದಿನವೂ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಅರ್ಧ ಗಂಟೆ ಅದರ ಮುಂದೆ ಕೂರುತ್ತೇನೆ. ಇಲಿ ಎಂದು ಮೈಕಿನಲ್ಲಿ ಹೇಳಿದ್ದೆನಲ್ಲ, ಆ ಇಲಿಯ ಹಲ್ಲಿನ ಗುರುತಿನಲ್ಲಿ ಅಕ್ಷರಾಭ್ಯಾಸ ಮಾಡುತ್ತಿದ್ದೇನೆ. ಮುನ್ನೂರು ಜನರ ಎದುರು ಆಡಿದ್ದನ್ನು ಮುನ್ನೂರು ಜನರ ಎದುರೇ ಹಿಂತೆಗೆದುಕೊಳ್ಳಬೇಕು. ನವೆಂಬರ್ ಒಂದಕ್ಕೆ ಮೈಕು ಕೇಳಿದ್ದೇನೆ. ಅಕ್ಕ ಎರಡನೇ ಸಾಲಿನಲ್ಲೇ ಕೂತರೆ ಒಳ್ಳೆಯದು. ನೀನು ಬರಲೇಬೇಕೆಂದಿಲ್ಲ, ನನ್ನನ್ನು ಕ್ಷಮಿಸಬೇಕೆಂದೂ ಇಲ್ಲ. ನಿನ್ನ ಕೋಪ ನನಗೆ ರೂಢಿಯಾಗಿದೆ.

ಹದಿಮೂರನೇ ತಾರೀಖು ಕೋಣೆಯಲ್ಲಿ ಏನು ನಡೆಯಿತೆಂದು ಈಗ ನಿನಗೂ ಹೊಳೆದಿರಬೇಕು. ಯಂತ್ರದ ಗಾಜಿನ ಮೇಲಿನ ಹಸಿರು ಅಕ್ಷರ ನನಗೆ ಹಸಿರು ಮಂಜು. ಕಾರ್ಡು ಕೈಗೆ ಬಂದೊಡನೆ ಒಂದು ಕೈಯಲ್ಲಿ ಟೈಪು ಮಾಡುತ್ತ, ಇನ್ನೊಂದು ಕೈಯ ಉಗುರಿನಿಂದ ಅಂಚು ಓದಿ, ಗಾಜು ನೋಡಿದಂತೆ ಮುಖ ಮಾಡಿ ಹೇಳಿದೆ. ಮೂರು ಸೆಕೆಂಡು ನಿನ್ನ ಹ್ಯಾಕ್ಸಾ ಬ್ಲೇಡಿನದು. ಕೋಣೆ ತುಂಬ ಕಣ್ಣಿದ್ದವರಿದ್ದರು, ಯಾರಿಗೂ ತಿಳಿಯಲಿಲ್ಲ. ಉಗುರಿನ ಸದ್ದು ದೇವಕ್ಕನಿಗೆ ಕೇಳಿಸಿತು. ಕೇಳಿಸಿಯೂ ‘ಖರೇ ಅದ’ ಎಂದರು.

ಡಬ್ಬಿ ತರುತ್ತೇನೆ. ಬದಲಿಗೆ ಒಂದು ಬೇಡಿಕೆ. ನಮ್ಮ ಬಳಗದಲ್ಲೂ ಸಾವಿರದ ನೂರು ಕಾರ್ಡುಗಳಿವೆ, ಅಂಚು ಇನ್ನೂ ನುಣ್ಣಗಿದೆ. ನನ್ನ ಶೇವಿಂಗ್ ಬ್ಲೇಡಿನಿಂದ ಕೊರೆದು ನೋಡಿದೆ. ಕಾರ್ಡಿಗಿಂತ ಬೆರಳಿಗೇ ಹೆಚ್ಚು ಕಚ್ಚು ಬಿತ್ತು.

ಯಂತ್ರದ ತಪ್ಪೇನೂ ಇಲ್ಲ, ಅದನ್ನು ಬೈಯಬೇಡ. ನಾನೇ ಕೈಯಾರೆ ತುಂಬಿಸಿದೆ ಎಂದದ್ದು ಸುಳ್ಳು. ಮುನ್ನೂರ ಹನ್ನೆರಡನ್ನೂ ಶೇಖರ ತುಂಬಿಸಿದ, ಅವನು ಕೂತರೆ ಅದು ನಿಜವಾಗಿ ಹುಡುಕಿ ಕೊಡುತ್ತದೆ. ಖಂಡಪ್ಪನಂಥವರಿಗಾಗಿ ಕನ್ನಡ ಅಕ್ಷರ ಮೂಡಿಸುವ ಉಪಾಯ ಎಲ್ಲಾದರೂ ಇದೆಯೇ ಎಂದು ವಿಚಾರಿಸಲು ಅವನಿಗೆ ಹೇಳಿದ್ದೇನೆ. ನಿನ್ನ ಫಿಟ್ಟರ್ ತಪಾಸಣೆಯನ್ನು ಅವನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾನೆ.

ಇನ್ನೊಂದು ಉಳಿದಿದೆ. ನಂಜುಂಡಯ್ಯನವರು ನಕ್ಕದ್ದು ಇದಕ್ಕೇ. ಹೇಳದೆ ಇರಬಹುದಿತ್ತು. ಆದರೆ ತಪ್ಪೊಪ್ಪಿಗೆಯಿಂದ ಶುರು ಮಾಡಿದ ಪತ್ರವ್ಯವಹಾರವಲ್ಲವೇ.

ಅವತ್ತು ನೀವೆಲ್ಲ ಹೋದ ಮೇಲೆ ಯಂತ್ರವನ್ನು ಆರಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ. ಶಾಮಲಾಳ ಹಳೆಯ ಸೀರೆಯ ತುಂಡು ಹೊದಿಸಿ ಬೀಗ ಹಾಕಿ ಬಂದೆ. ಸೋಮವಾರ ಶೇಖರ ಬಂದು ಬಟ್ಟೆ ತೆಗೆದ. ಗಾಜಿನ ಹತ್ತಿರ ಬಗ್ಗಿ ಓದತೊಡಗಿದ. ‘ಏನಪ್ಪಾ?’ ಎಂದೆ.

‘ಸರ್, ನಿನ್ನೆ ಪ್ರೋಗ್ರಾಮ್ ಶುರುವೇ ಆಗಿಲ್ಲ’ ಎಂದ. ‘ಸ್ವಿಚ್ ಹಾಕಿದ ಕೂಡಲೇ ಮಷಿನ್ ಒಂದು ಪ್ರಶ್ನೆ ಕೇಳುತ್ತೆ, ಇವತ್ತು ತಾರೀಖು ಎಷ್ಟು ಅಂತ. ಅದನ್ನೇ ಕೇಳ್ತಾ ನಿಂತಿದೆ.’

ಐದು ಸಲ ಕೇಳಿತ್ತಂತೆ, ತಪ್ಪು ಉತ್ತರ ಎಂದು ಐದು ಸಲವೂ ಹೇಳಿತ್ತಂತೆ. ಕಮಿಟಿಯವರ ಎದುರು, ಗಾಜಿನ ಮೇಲೆ ನೋಟ ನೆಟ್ಟು, ಇವತ್ತು ತಾರೀಖು ಎಷ್ಟು ಎಂದ ಯಂತ್ರಕ್ಕೆ ನಾನು ಕೊಟ್ಟಿದ್ದ ಮೊದಲ ಉತ್ತರ ‘ಕೋಳಿ ಸಾಕಣೆ’.

ನಿನ್ನ,
ವೆಂಕಟಸುಬ್ಬಯ್ಯ